30 ಸೆಕೆಂಡಿನ ಕಿತ್ತಳೆ ದೀಪ

ನೆಟ್‌ವರ್ಕಿಂಗ್ ಕಲಿಸುವವರಿಗೆಲ್ಲ ಮೊದಲ ದಿನದ ಲ್ಯಾಬ್‌ನಲ್ಲಿ ಎದುರಾಗುವ ಪ್ರಸಂಗವೊಂದಿದೆ. ವಿದ್ಯಾರ್ಥಿನಿ ಕಂಪ್ಯೂಟರನ್ನು ಸ್ವಿಚ್‌ಗೆ, ಅಂದರೆ ಕಂಪ್ಯೂಟರುಗಳನ್ನು ಜಾಲವಾಗಿ ಬೆಸೆಯುವ ಪೆಟ್ಟಿಗೆಗೆ, ಜೋಡಿಸುತ್ತಾಳೆ. ಹಸಿರು ದೀಪ ಹತ್ತಬೇಕಾದ ಕಡೆ ಕಿತ್ತಳೆ ಬಣ್ಣದ ದೀಪ ಹತ್ತುತ್ತದೆ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾಳೆ, ಮತ್ತೆ ಕಿತ್ತಳೆ. ಪಕ್ಕದ ಪೋರ್ಟ್‌ಗೆ ಬದಲಾಯಿಸುತ್ತಾಳೆ, ಅಲ್ಲೂ ಅದೇ ಬಣ್ಣ. ಸ್ವಿಚ್ ಕೆಟ್ಟಿದೆ ಎಂದು ಕೂಗುತ್ತಾಳೆ. ಪಾಠಕ್ಕೆ ಹೊಸಬರಾದ ಬೋಧಕರು ಓಡಿಬಂದು ತಾವೂ ಕೇಬಲ್ ಕಿತ್ತು ಸಿಕ್ಕಿಸುತ್ತಾರೆ. ಅಷ್ಟು ಹೊತ್ತಿಗೆ ಇನ್ನೂ ನಾಲ್ಕು ಮೇಜುಗಳಿಂದ ಅದೇ ದೂರು ಎದ್ದಿರುತ್ತದೆ.

ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಸುಮ್ಮನೆ 30 ಸೆಕೆಂಡು ಕಾದಿದ್ದರೆ ದೀಪ ತಾನೇ ಹಸಿರಾಗುತ್ತಿತ್ತು. ಪ್ರತಿ ಸಲ ಕೇಬಲ್ ಕಿತ್ತಾಗಲೂ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ಹಾಗಾಗಿ ಅವಸರಪಟ್ಟಷ್ಟೂ ತಡ. ಹೊಸ ಸಂಪರ್ಕ ಸಿಕ್ಕ ಕೂಡಲೇ ಸ್ವಿಚ್ ಬಾಗಿಲು ತೆರೆದುಬಿಡುವುದಿಲ್ಲ. ಆ ತುದಿಯಲ್ಲಿ ಇನ್ನೊಂದು ಸ್ವಿಚ್ ಇದ್ದು, ಅದರ ಮೂಲಕ ದಾರಿ ಸುತ್ತಿ ತನ್ನ ಬಳಿಗೇ ಮರಳಿ ಬರುತ್ತದೆಯೇ ಎಂದು 15 ಸೆಕೆಂಡು ಕಿವಿಗೊಡುತ್ತದೆ, ಮತ್ತೆ 15 ಸೆಕೆಂಡು ಯಾರ್‍ಯಾರು ಎಲ್ಲೆಲ್ಲಿದ್ದಾರೆಂದು ಕಲಿಯುತ್ತದೆ. ದಾರಿ ಸುತ್ತಿಕೊಂಡಿದ್ದರೆ ಅನಾಹುತ ಖಚಿತ. ಈಥರ್ನೆಟ್‌ನಲ್ಲಿ ಎಲ್ಲರಿಗೂ ಕೂಗಿ ಹೇಳಿದ ಸಂದೇಶಕ್ಕೆ ಆಯುಸ್ಸಿನ ಮಿತಿ ಇಲ್ಲ. ಅದು ಗಾಣದ ಎತ್ತಿನ ಹಾಗೆ ಸುತ್ತುತ್ತ, ಸುತ್ತಿದಷ್ಟೂ ಹೆಚ್ಚುತ್ತ, ಕೆಲವೇ ಕ್ಷಣಗಳಲ್ಲಿ ಇಡೀ ಜಾಲವನ್ನು ಉಸಿರುಗಟ್ಟಿಸುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು 1985ರಲ್ಲಿ ರೂಪಿಸಿದವರು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್. ತಮ್ಮ ವಿಧಾನದ ಸಾರವನ್ನು ಪ್ರಬಂಧದಲ್ಲಿ ಅವರು ಒಂದು ಪುಟ್ಟ ಪದ್ಯವಾಗಿಯೂ ಬರೆದರು.

ಸಿಸ್ಕೋ ಕಂಪನಿಯ ಸಿಸಿಎನ್‌ಎ ಎಂಬ ಪ್ರಮಾಣಪತ್ರದ ಪಠ್ಯಕ್ರಮದ ಮೂರು ಭಾಗಗಳಲ್ಲಿ ಸ್ಪ್ಯಾನಿಂಗ್ ಟ್ರೀ ಬರುವುದು ಎರಡನೆಯದರಲ್ಲಿ. ಕಿತ್ತಳೆ ದೀಪವಾದರೋ ಮೊದಲ ದಿನದ ಮೊದಲ ಗಂಟೆಯಲ್ಲೇ ಹತ್ತುತ್ತದೆ. ಈ ಎರಡರ ನಡುವಿನ ತಿಂಗಳುಗಳ ಅಂತರವನ್ನು ಯಾವ ಪಠ್ಯಪುಸ್ತಕವೂ ತುಂಬಿಕೊಡುವುದಿಲ್ಲ. ಅದನ್ನು ತುಂಬುವವರು ಹಿಂದಿನ ವರ್ಷ ಅದೇ ಪೇಚಿಗೆ ಸಿಕ್ಕಿದ್ದ ಇನ್ನೊಬ್ಬ ಬೋಧಕರು. “ನಾಳೆ ಎಲ್ಲರೂ ದೀಪ ಕಿತ್ತಳೆ ಅಂತಾರೆ, ಕೇಬಲ್ ಮುಟ್ಟೋಕೆ ಬಿಡಬೇಡಿ, ಅರ್ಧ ನಿಮಿಷ ಮಾತಾಡಿಸ್ತಾ ಇರಿ” ಎಂಬ ಒಂದು ಮಾತು ಹೊಸಬರ ಒಂದು ತರಗತಿಯನ್ನೇ ಉಳಿಸುತ್ತದೆ.

ಮಾಹಿತಿ ತಂತ್ರಜ್ಞಾನದ ಪ್ರಮಾಣಪತ್ರ ಕೋರ್ಸುಗಳ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಪರೀಕ್ಷೆ, ಶುಲ್ಕ, ಸಂಬಳ, ಕೆಲಸದ ಸುತ್ತಲೇ ಮಾತು ಸುತ್ತುತ್ತದೆ. ಕಲಿಸುವವರ ಮಾತು ಬರುವುದು ಅಪರೂಪ, ಕಲಿಸುವವರಿಗೆ ಯಾರು ದಿಕ್ಕು ಎಂಬ ಮಾತಂತೂ ಬರುವುದೇ ಇಲ್ಲ. ಈ ಕೋರ್ಸುಗಳು ನಿಂತಿರುವುದೇ ಬೋಧಕರು ಬೋಧಕರಿಗೆ ಹೇಳಿಕೊಡುವ ಇಂಥ ಸಣ್ಣಪುಟ್ಟ ತಿಳಿವಳಿಕೆಯ ಮೇಲೆ.

ಇದಕ್ಕೊಂದು ಹೆಸರನ್ನೂ ಶಿಕ್ಷಣಶಾಸ್ತ್ರ ಕೊಟ್ಟಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ಶುಲ್‌ಮನ್ 1986ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವಿಷಯಜ್ಞಾನ ಬೇರೆ, ಆ ವಿಷಯವನ್ನು ಕಲಿಸುವುದಕ್ಕೇ ಬೇಕಾದ ಜ್ಞಾನ ಬೇರೆ ಎಂದು ವಾದಿಸಿದರು. ಯಾವ ಉದಾಹರಣೆ ಹತ್ತುತ್ತದೆ, ಕಲಿಯುವವರು ಯಾವ ತಪ್ಪು ಕಲ್ಪನೆಯನ್ನು ಹೊತ್ತು ಬರುತ್ತಾರೆ, ಯಾವ ಜಾಗದಲ್ಲಿ ಎಡವುತ್ತಾರೆ ಎಂಬುದೆಲ್ಲ ಈ ಎರಡನೆಯ ಬಗೆಯ ಜ್ಞಾನ. ಪ್ರಮಾಣಪತ್ರದ ಪರೀಕ್ಷೆ ಅಳೆಯುವುದು ಮೊದಲನೆಯದನ್ನು ಮಾತ್ರ. ಪರೀಕ್ಷೆಯಲ್ಲಿ ಮೇಲಿನ ಅಂಕ ಪಡೆದ ಎಂಜಿನಿಯರ್ ಮರುವಾರ ತರಗತಿಯ ಮುಂದೆ ನಿಂತು ತಡವರಿಸುವುದು ಈ ಕಾರಣಕ್ಕೆ.

ಈ ಪ್ರಮಾಣಪತ್ರಗಳ ಇತಿಹಾಸ ತೀರ ಹಳೆಯದಲ್ಲ. 1980ರ ದಶಕದ ಕೊನೆಯಲ್ಲಿ ನೋವೆಲ್ ಕಂಪನಿ ತನ್ನ ನೆಟ್‌ವೇರ್ ತಂತ್ರಾಂಶ ಬಲ್ಲವರಿಗೆ ಪ್ರಮಾಣಪತ್ರ ಕೊಡತೊಡಗಿತು. 1992ರಲ್ಲಿ ಮೈಕ್ರೋಸಾಫ್ಟ್ ಬಂತು. 1993ರಲ್ಲಿ ಕಂಪ್ಯೂಟರ್ ರಿಪೇರಿ ಬಲ್ಲವರಿಗಾಗಿ ಕಾಂಪ್‌ಟಿಯಾದ ಎ ಪ್ಲಸ್, ಅದೇ ವರ್ಷ ಪರಿಣತರಿಗಾಗಿ ಸಿಸ್ಕೋದ ಸಿಸಿಐಇ ಬಂದವು. ಮೊದಲ ಮೆಟ್ಟಿಲಾದ ಸಿಸಿಎನ್‌ಎ ಬಂದದ್ದು 1998ರಲ್ಲಿ. ಮರುವರ್ಷ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇ. ಬೆಂಗಳೂರಿನ ಬಿಟಿಎಂ ಲೇಔಟ್, ಮಾರತಹಳ್ಳಿಯ ರಸ್ತೆಗಳಲ್ಲಿ ಈ ಹೆಸರುಗಳನ್ನು ಹೊತ್ತ ಫಲಕಗಳು ಸಾಲುಸಾಲಾಗಿ ಎದ್ದುನಿಂತದ್ದು ಅದರ ನಂತರದ ವರ್ಷಗಳಲ್ಲಿ.

ಬೋಧಕರ ಕಣ್ಣಿನಿಂದ ನೋಡಿದರೆ ಇವುಗಳಲ್ಲಿ ಹೆಚ್ಚು ಕುತೂಹಲದ ಕಥೆ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯದು. 1990ರ ದಶಕದಲ್ಲಿ ಅಮೆರಿಕದ ಶಾಲೆಗಳಿಗೆ ನೆಟ್‌ವರ್ಕ್ ಉಪಕರಣಗಳು ಬಂದವು, ಅವನ್ನು ನೋಡಿಕೊಳ್ಳುವವರು ಶಾಲೆಗಳಲ್ಲಿ ಇರಲಿಲ್ಲ. ಸಿಸ್ಕೋದ ಎಂಜಿನಿಯರ್ ಜಾರ್ಜ್ ವಾರ್ಡ್ ಶಾಲೆಯ ಸಿಬ್ಬಂದಿಗೂ ಶಿಕ್ಷಕರಿಗೂ ಅವುಗಳ ನಿರ್ವಹಣೆ ಕಲಿಸಲು ಹೊರಟರು. ಸ್ವಲ್ಪ ದಿನಕ್ಕೆ ವಿದ್ಯಾರ್ಥಿಗಳು ತಾವೂ ಕಲಿಯುತ್ತೇವೆಂದು ಬಂದು ಕುಳಿತರು. ಅಲ್ಲಿಂದ ಹುಟ್ಟಿದ ಪಠ್ಯಕ್ರಮ 1997ರಲ್ಲಿ ಏಳು ರಾಜ್ಯಗಳ 64 ಸಂಸ್ಥೆಗಳಲ್ಲಿ ಅಕಾಡೆಮಿಯಾಗಿ ಆರಂಭವಾಯಿತು. ಈಗ ಅದು 180ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ, ಅಲ್ಲಿ ಕಲಿತವರ ಸಂಖ್ಯೆ 2 ಕೋಟಿ ದಾಟಿದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಅದರ ತರಗತಿಗಳು ನಡೆಯುತ್ತವೆ.

ಇಷ್ಟು ಹರಡಲು ಆ ಕಂಪನಿ ತಾನೇ ಸಾವಿರಗಟ್ಟಲೆ ಬೋಧಕರನ್ನು ನೇಮಿಸಲಿಲ್ಲ, ಹಾಗೆ ಮಾಡುವುದು ಸಾಧ್ಯವೂ ಇರಲಿಲ್ಲ. ಮೊದಲಿಗೆ ಕೆಲವು ತರಬೇತಿ ಕೇಂದ್ರಗಳು, ಅವುಗಳ ಕೆಳಗೆ ಪ್ರಾದೇಶಿಕ ಅಕಾಡೆಮಿಗಳು, ಅವುಗಳ ಕೆಳಗೆ ಸ್ಥಳೀಯ ಅಕಾಡೆಮಿಗಳು. ಮೇಲಿನ ಹಂತದ ಬೋಧಕರು ಕೆಳಗಿನ ಹಂತದ ಬೋಧಕರಿಗೆ ಕಲಿಸಬೇಕು, ಅವರು ವಿದ್ಯಾರ್ಥಿಗಳಿಗೆ. ಮುಂದೆ ಈ ಏಣಿಯನ್ನು ಸರಳಗೊಳಿಸಿ ಎರಡು ಕೆಲಸಗಳನ್ನು ಬೇರ್ಪಡಿಸಲಾಯಿತು. ಬೋಧಕರಿಗೆ ಪಾಠ ಹೇಳುವ ಕೇಂದ್ರಗಳು ಒಂದು ಬಗೆ, ಅಕಾಡೆಮಿಗಳ ಕಷ್ಟಸುಖ ವಿಚಾರಿಸುವ ಬೆಂಬಲ ಕೇಂದ್ರಗಳು ಇನ್ನೊಂದು ಬಗೆ. ಬೆಂಬಲವೆಂಬುದು ತರಬೇತಿಯಿಂದ ಬೇರೆಯೇ ಆದ, ವರ್ಷವಿಡೀ ನಡೆಯಬೇಕಾದ ಕೆಲಸವೆಂದು ಒಪ್ಪಿಕೊಂಡದ್ದು ಆ ವ್ಯವಸ್ಥೆಯ ಜಾಣತನ. ಎರಡು ವಾರದ ತರಬೇತಿ ಮುಗಿಸಿ ಊರಿಗೆ ಮರಳಿದ ಬೋಧಕಿಗೆ ನಿಜವಾದ ಪ್ರಶ್ನೆಗಳು ಹುಟ್ಟುವುದು ಮೂರನೆಯ ವಾರ.

ಆ ಮೂರನೆಯ ವಾರದ ಹೊತ್ತಿಗೆ ಸಾಮಾನ್ಯವಾಗಿ ಎದುರಾಗುವ ಅಧ್ಯಾಯ ಸಬ್‌ನೆಟ್ಟಿಂಗ್, ಅಂದರೆ ಒಂದು ದೊಡ್ಡ ವಿಳಾಸಗುಂಪನ್ನು ಚಿಕ್ಕ ಗುಂಪುಗಳಾಗಿ ಒಡೆಯುವುದು. ಅರ್ಧ ತರಗತಿ ಕೈಚೆಲ್ಲುವುದು ಇಲ್ಲೇ. ಪಠ್ಯದಲ್ಲಿ ಎರಡರ ಘಾತಗಳ ಕೋಷ್ಟಕ ಇರುತ್ತದೆ, ಸೂತ್ರ ಇರುತ್ತದೆ. ವಿದ್ಯಾರ್ಥಿಗಳು ಸೂತ್ರ ಉರುಹೊಡೆದು ಲೆಕ್ಕ ಮಾಡುತ್ತಾರೆ. ಉತ್ತರದಿಂದ ಎರಡು ವಿಳಾಸಗಳನ್ನು ಏಕೆ ಕಳೆಯಬೇಕೆಂದು ಕೇಳಿದರೆ ಕಣ್ಣುಕಣ್ಣು ಬಿಡುತ್ತಾರೆ.

ಹಳ್ಳಿಯಿಂದ ಬಂದ ಮಕ್ಕಳಿರುವ ಪಾಲಿಟೆಕ್ನಿಕ್‌ನಲ್ಲಿ ಇದಕ್ಕೆ ಪಹಣಿಯ ಭಾಷೆ ಚೆನ್ನಾಗಿ ಒಗ್ಗುತ್ತದೆ. 192.168.10.0 ಎಂಬ ಜಾಲ ಒಂದು ಸರ್ವೆ ನಂಬರಿನ ಜಮೀನು, ಅದರಲ್ಲಿ 256 ವಿಳಾಸಗಳಿವೆ. ನಾಲ್ವರು ಅಣ್ಣತಮ್ಮಂದಿರು ಪಾಲು ಕೇಳಿದರು. ಪೋಡಿ ಮಾಡಿಸಿದರೆ ಒಬ್ಬೊಬ್ಬರಿಗೆ 64. ಮೊದಲ ಹಿಸ್ಸೆ ಸೊನ್ನೆಯಿಂದ 63ರವರೆಗೆ, ಎರಡನೆಯದು 64ರಿಂದ 127, ಮೂರನೆಯದು 128ರಿಂದ 191, ಕೊನೆಯದು 192ರಿಂದ 255. ಪ್ರತಿ ಹಿಸ್ಸೆಯ ಮೊದಲ ಸಂಖ್ಯೆ ಆ ಹಿಸ್ಸೆಯ ಹೆಸರು. ಅದರ ಮೇಲೆ ಯಾರೂ ಮನೆ ಕಟ್ಟುವಂತಿಲ್ಲ. ಕೊನೆಯ ಸಂಖ್ಯೆ ಡಂಗುರದ ಕಟ್ಟೆ, ಅಲ್ಲಿ ನಿಂತು ಕೂಗಿದರೆ ಆ ಹಿಸ್ಸೆಯ ಎಲ್ಲರಿಗೂ ಕೇಳಿಸಬೇಕು, ಹಾಗಾಗಿ ಅಲ್ಲೂ ಮನೆ ಇಲ್ಲ. ಉಳಿದ 62 ವಿಳಾಸಗಳಲ್ಲಿ ಕಂಪ್ಯೂಟರುಗಳು ಬಂದು ಕೂರಬಹುದು. ಎರಡು ಕಳೆಯುವುದು ಯಾಕೆಂದು ಮತ್ತೆ ಯಾರೂ ಕೇಳುವುದಿಲ್ಲ.

ಈ ಹೋಲಿಕೆ ಸಿಕ್ಕಿದ ಸಂತೋಷದಲ್ಲಿ ಬೋಧಕರು ಅದನ್ನು ಎಳೆದುಕೊಂಡು ಹೋಗುವ ಅಪಾಯವಿದೆ. ಜಮೀನನ್ನು ಮೂರು ಸಮಪಾಲು ಮಾಡಬಹುದು, ಬದುವನ್ನು ಬೇಕಾದ ಕಡೆ ಹಾಕಬಹುದು. ವಿಳಾಸಗಳಲ್ಲಿ ಅದು ನಡೆಯದು. ಸಮಪಾಲು 2, 4, 8, 16 ಹೀಗೆ ಎರಡರ ಘಾತದಲ್ಲೇ ಆಗಬೇಕು. 64ರ ಪಾಲು 100ನೆಯ ಸಂಖ್ಯೆಯಲ್ಲಿ ಆರಂಭವಾಗುವಂತಿಲ್ಲ, 64ರ ಗುಣಕದಲ್ಲೇ ಬದು ಬೀಳಬೇಕು. ಜಮೀನಿನ ಕಥೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಜಾಣ ವಿದ್ಯಾರ್ಥಿಯೇ ಪರೀಕ್ಷೆಯಲ್ಲಿ ಮೂರು ಸಮಪಾಲು ಮಾಡಿ ಬರುತ್ತಾನೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದು ಅದನ್ನು ಕಟ್ಟಿದವರಿಗೆ ಕಾಣುವುದು ಕಷ್ಟ. ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ ಸಹೋದ್ಯೋಗಿಗೆ ಕಾಣುತ್ತದೆ. ಪಾಲು ಸಮವಾಗಿರದಿದ್ದಾಗಲೂ ಹಾಗೆಯೇ. ಒಂದು ಕಚೇರಿಗೆ 100 ಕಂಪ್ಯೂಟರ್, ಇನ್ನೊಂದಕ್ಕೆ 50, ಮತ್ತೊಂದಕ್ಕೆ 20, ಎರಡು ರೂಟರುಗಳ ನಡುವಿನ ತಂತಿಗೆ ಬರೀ 2 ವಿಳಾಸ ಬೇಕೆಂದರೆ ದೊಡ್ಡ ಕುಟುಂಬಕ್ಕೆ ಮೊದಲು ಕೊಡಬೇಕು. 128, 64, 32, 4 ಎಂಬ ಕ್ರಮದಲ್ಲಿ ಹಂಚಿದರೆ ಎಲ್ಲ ನೆಟ್ಟಗೆ ಕೂರುತ್ತದೆ. ಚಿಕ್ಕವರಿಂದ ಶುರು ಮಾಡಿದರೆ ನಡುವೆ ತುಂಡುಗಳು ಬಿದ್ದು ಹಾಳಾಗುತ್ತವೆ. ಈ ಕ್ರಮದ ಮಾತನ್ನು ಮೊದಲೇ ಹೇಳದ ಬೋಧಕರು ಒಂದು ಮಧ್ಯಾಹ್ನವಿಡೀ ಕಪ್ಪುಹಲಗೆ ಅಳಿಸುತ್ತಿರುತ್ತಾರೆ.

ಹಿಂದಿನ ಬೆಂಚಿನಲ್ಲಿ ಕೂರುವ ಈ ಪದ್ಧತಿ ಕನ್ನಡ ನಾಡಿನ ಕಾಲೇಜುಗಳಲ್ಲಿ ತಪಾಸಣೆಯ ನೆನಪು ತರುತ್ತದೆ. ಪ್ರಿನ್ಸಿಪಾಲರು ಬಂದು ಕೂತರು ಎಂದರೆ ಬೋಧಕರ ದನಿ ಏರುತ್ತದೆ, ವಿದ್ಯಾರ್ಥಿಗಳ ಬೆನ್ನು ನೆಟ್ಟಗಾಗುತ್ತದೆ, ನಿಜವಾದ ತರಗತಿ ಮಾಯವಾಗುತ್ತದೆ. ಸಹೋದ್ಯೋಗಿ ಬಂದು ಕೂರುವುದು ಆ ರೀತಿಯದ್ದಾಗಬಾರದು. ಆತ ನೋಡಬೇಕಾದದ್ದು ಬೋಧಕರನ್ನಲ್ಲ, ವಿದ್ಯಾರ್ಥಿಗಳನ್ನು. ಯಾವ ಮಾತಿನಲ್ಲಿ ಪೆನ್ನುಗಳು ನಿಂತವು, ಯಾವಾಗ ಪಕ್ಕದವನ ಪರದೆ ಇಣುಕತೊಡಗಿದರು, ಯಾರು ಪ್ರಶ್ನೆ ಕೇಳಲು ಕೈ ಎತ್ತಿ ಇಳಿಸಿದರು. ತರಗತಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಈ ಮೂರು ಸಂಗತಿ ಹೇಳಿದರೆ ಸಾಕು, ಹೊಗಳಿಕೆಯೂ ತೆಗಳಿಕೆಯೂ ಬೇಕಿಲ್ಲ. ಕಲಿಸುವ ಕೌಶಲವನ್ನೇ ಪರೀಕ್ಷಿಸುವ ಸಿಟಿಟಿ ಪ್ಲಸ್ ಎಂಬ ಪ್ರಮಾಣಪತ್ರವೂ ಹಿಂದೆ ಕಾಂಪ್‌ಟಿಯಾದಲ್ಲಿತ್ತು. ಲಿಖಿತ ಪರೀಕ್ಷೆಯ ಜತೆಗೆ ಅಭ್ಯರ್ಥಿ ತಾನು ಪಾಠ ಮಾಡುವ ಸುಮಾರು 20 ನಿಮಿಷದ ವಿಡಿಯೊ ಕಳಿಸಬೇಕಿತ್ತು. ಆ ವಿಡಿಯೊವನ್ನು ತಾನೇ ಒಮ್ಮೆ ನೋಡಿಕೊಳ್ಳುವುದೇ ಹಲವರಿಗೆ ದೊಡ್ಡ ಪಾಠವಾಗಿರಬೇಕು.

ಬೋಧಕರು ಪರಸ್ಪರ ಕೊಡಬಹುದಾದ ಉಡುಗೊರೆಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಕೆಟ್ಟ ಫೈಲು. ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ರೂಟರ್, ಸ್ವಿಚ್, ಕಂಪ್ಯೂಟರುಗಳನ್ನು ಪರದೆಯ ಮೇಲೆ ಇಟ್ಟು, ತಂತಿ ಎಳೆದು, ಸಂದೇಶಗಳು ಪುಟ್ಟ ಲಕೋಟೆಗಳಾಗಿ ಸಾಗುವುದನ್ನು ಒಂದೊಂದೇ ಹೆಜ್ಜೆಯಲ್ಲಿ ನೋಡಬಹುದು. ನಿಜವಾದ ರೂಟರ್ ಕೊಳ್ಳಲಾಗದ ಕಾಲೇಜಿಗೆ ಇದೇ ಲ್ಯಾಬ್. ಸರಿಯಾಗಿ ಕೆಲಸ ಮಾಡುವ ಜಾಲವನ್ನು ಯಾರು ಬೇಕಾದರೂ ಕಟ್ಟಿಯಾರು. ಬೇಕೆಂದೇ ಕೆಡಿಸಿದ, ನೋಡಲು ಸರಿಯಾಗಿಯೇ ಕಾಣುವ, ಒಂದೇ ಒಂದು ದೋಷವಿರುವ ಫೈಲನ್ನು ತಯಾರಿಸಲು ಒಂದು ಸಂಜೆ ಬೇಕು.

ಉದಾಹರಣೆಗೆ ಇದನ್ನು ನೋಡಿ. ಒಂದೇ ಸ್ವಿಚ್‌ಗೆ ಎರಡು ಕಂಪ್ಯೂಟರ್, ನಡುವೆ ರೂಟರ್ ಇಲ್ಲ. ಒಂದರ ವಿಳಾಸ 192.168.10.10, ಇನ್ನೊಂದರದು 192.168.10.70. ದೀಪಗಳೆಲ್ಲ ಹಸಿರು. ಆದರೂ ಇದ್ದೀಯಾ ಎಂದು ಪಿಂಗ್ ಮಾಡಿ ಕೇಳಿದರೆ ಉತ್ತರವಿಲ್ಲ. ದೋಷ ಇರುವುದು ಹಿಸ್ಸೆಯ ಗಡಿ ಹೇಳುವ ಮಾಸ್ಕ್ ಎಂಬ ಸಂಖ್ಯೆಯಲ್ಲಿ. ಮೊದಲನೆಯದಕ್ಕೆ 255.255.255.192 ಎಂದೂ ಎರಡನೆಯದಕ್ಕೆ 255.255.255.0 ಎಂದೂ ಕೊಟ್ಟಿದೆ. ಮೊದಲನೆಯದರ ಪಾಲಿಗೆ ತನ್ನ ಊರು 63ಕ್ಕೆ ಮುಗಿಯುತ್ತದೆ, 70 ಎಂಬುದು ಪರಊರು. ಎರಡನೆಯದರ ಪಾಲಿಗೆ 10 ತನ್ನದೇ ಬೀದಿಯ ಮನೆ. ಆದ್ದರಿಂದ ಎರಡನೆಯದು ಕೂಗಿದ್ದು ಮೊದಲನೆಯದಕ್ಕೆ ಮುಟ್ಟುತ್ತದೆ, ಆದರೆ ಅದರ ಉತ್ತರ ಪರಊರಿಗೆ ಹೋಗುವ ಬಾಗಿಲು ಹುಡುಕುತ್ತ ಅಲ್ಲೇ ಸಾಯುತ್ತದೆ. ಪ್ರಶ್ನೆ ಹೋಗಿದೆ, ಉತ್ತರ ಮಾತ್ರ ಬಂದಿಲ್ಲ ಎಂದು ವಿದ್ಯಾರ್ಥಿನಿ ಲಕೋಟೆಗಳನ್ನು ಹಿಂಬಾಲಿಸಿ ಕಂಡುಹಿಡಿದ ಗಳಿಗೆಯಲ್ಲಿ ಮಾಸ್ಕ್ ಎಂಬ ಪದಕ್ಕೆ ಅವಳ ತಲೆಯಲ್ಲಿ ಜಾಗ ಸಿಕ್ಕಿರುತ್ತದೆ. ಮೂರು ಗಂಟೆಯ ಉಪನ್ಯಾಸದಿಂದ ಆಗದ ಕೆಲಸ ಇದು. ಇಂಥ 20 ಫೈಲುಗಳ ಕಟ್ಟು ಒಬ್ಬ ಬೋಧಕರಿಂದ ಇನ್ನೊಬ್ಬರಿಗೆ ದಾಟಿದರೆ 20 ಸಂಜೆಗಳು ಉಳಿದಂತೆ.

ದುರಸ್ತಿಯ ಜ್ಞಾನ ಹೀಗೆ ಕಥೆಯಾಗಿ ಕೈದಾಟುವುದನ್ನು ಬೇರೊಂದು ವೃತ್ತಿಯಲ್ಲಿ ಕಣ್ಣಾರೆ ಕಂಡು ಬರೆದವರಿದ್ದಾರೆ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಜೆರಾಕ್ಸ್ ಕಂಪನಿಯ ನಕಲುಯಂತ್ರ ರಿಪೇರಿ ಮಾಡುವವರ ಜತೆ ಓಡಾಡಿದರು. 1996ರಲ್ಲಿ ಅವರ ಪುಸ್ತಕ ಹೊರಬಂತು. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಇಂಥ ದೋಷಕ್ಕೆ ಇಂಥ ಪರಿಹಾರ ಎಂದು ಬರೆದಿತ್ತು. ರಿಪೇರಿಯವರು ನಿಜಕ್ಕೂ ನೆಚ್ಚಿಕೊಂಡಿದ್ದು ಊಟದ ಹೊತ್ತಿನ ಮಾತುಕತೆಯನ್ನು. ನಿನ್ನೆ ಎದುರಾದ ವಿಚಿತ್ರ ಯಂತ್ರದ ಕಥೆಯನ್ನು ಒಬ್ಬ ಹೇಳುತ್ತಾನೆ, ಇನ್ನೊಬ್ಬ ತನ್ನದನ್ನು ಸೇರಿಸುತ್ತಾನೆ. ಹೊರಗಿನಿಂದ ನೋಡಿದವರಿಗೆ ಅದು ಹರಟೆ. ಮುಂದೆ ಅದೇ ಕಂಪನಿ ಯುರೇಕಾ ಎಂಬ ವ್ಯವಸ್ಥೆ ಕಟ್ಟಿ, ರಿಪೇರಿಯವರು ಕಂಡುಕೊಂಡ ಉಪಾಯಗಳನ್ನು ಅವರದೇ ಹೆಸರಿನಲ್ಲಿ ದಾಖಲಿಸಿ ಎಲ್ಲರಿಗೂ ಹಂಚಿತು. ಉಪಾಯದ ಕೆಳಗೆ ಕಂಡುಹಿಡಿದವರ ಹೆಸರಿರುವುದು ಸಣ್ಣ ಸಂಗತಿಯಲ್ಲ. ನಮ್ಮ ಕಾಲೇಜುಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟುವ ಲ್ಯಾಬ್ ಫೈಲುಗಳ ಮೇಲೆ ಬರೆದವರ ಹೆಸರು ಉಳಿದಿರುವುದೇ ಇಲ್ಲ. ಹೆಸರು ಉಳಿಸುವ ಒಂದು ರೂಢಿ ಬಂದರೆ ಕೊಡುವ ಕೈಗಳು ಹೆಚ್ಚುತ್ತವೆ.

ಬೋಧಕರಿಗೆ ಬೋಧಕರೇ ಆಸರೆ ಎಂಬುದು ಎದ್ದು ಕಂಡದ್ದು 2020ರಲ್ಲಿ. ಆ ವರ್ಷ ಫೆಬ್ರವರಿ 24ರಂದು ಸಿಸಿಎನ್‌ಎ ಪರೀಕ್ಷೆ ಹೊಸ ರೂಪ ತಾಳಿತು. ಹಲವು ಕವಲುಗಳಾಗಿದ್ದದ್ದು ಒಂದೇ 120 ನಿಮಿಷದ ಪರೀಕ್ಷೆಯಾಯಿತು. ವರ್ಷಗಳಿಂದ ಪ್ರೀತಿಯಿಂದ ಕಲಿಸಿದ್ದ ಇಐಜಿಆರ್‌ಪಿ ಎಂಬ ರೂಟಿಂಗ್ ವಿಧಾನ ಪಟ್ಟಿಯಿಂದ ಹೊರಬಿತ್ತು. ಯಾಂತ್ರೀಕರಣ ಮತ್ತು ಪ್ರೋಗ್ರಾಮಿಂಗ್‌ಗೆ ನೂರರಲ್ಲಿ 10 ಪಾಲು ಬಂತು. ಜೇಸನ್, ರೆಸ್ಟ್ ಎಪಿಐ, ಆನ್ಸಿಬಲ್ ಎಂಬ ಹೆಸರುಗಳು ಕೇಬಲ್ ಮತ್ತು ರೂಟರುಗಳ ಜತೆಗೇ ಬೆಳೆದ ಬೋಧಕರ ಮೇಜಿನ ಮೇಲೆ ಬಂದು ಬಿದ್ದವು. ಸುಮಾರು ಒಂದು ತಿಂಗಳಿಗೆ, ಮಾರ್ಚ್ 25ರಂದು, ಭಾರತದಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಲ್ಯಾಬಿಗೆ ಬೀಗ.

ಹೊಸ ವಿಷಯವನ್ನು ತಾನೇ ಕಲಿಯುತ್ತ, ಅದನ್ನೇ ಪರದೆಯ ಮೂಲಕ ಕಲಿಸುತ್ತ, ಮೊಬೈಲ್ ಸಿಗ್ನಲ್‌ಗಾಗಿ ಮಾಳಿಗೆ ಹತ್ತಿದ ವಿದ್ಯಾರ್ಥಿಗೆ ರೂಟರ್ ತೋರಿಸಬೇಕಾದ ಸ್ಥಿತಿ ಅದು. ಆಗ ನೆರವಿಗೆ ಬರಬಲ್ಲವರು ಪಕ್ಕದ ವಿಭಾಗದವರು. ಪೈಥಾನ್ ಕಲಿಸುವ ಉಪನ್ಯಾಸಕಿಗೆ ಜೇಸನ್ ಎಂಬುದು ನೀರು ಕುಡಿದಷ್ಟು ಸಲೀಸು. ಆಕೆ ಒಂದು ಗಂಟೆ ಹೇಳಿಕೊಟ್ಟರೆ ನೆಟ್‌ವರ್ಕಿಂಗ್‌ನವರ ಒಂದು ವಾರ ಉಳಿಯುತ್ತದೆ. ಅವರು ಪ್ರತಿಯಾಗಿ ಆಕೆಯ ವಿದ್ಯಾರ್ಥಿಗಳಿಗೆ ಪೋರ್ಟ್ ಮತ್ತು ಫೈರ್‌ವಾಲ್ ಅರ್ಥವಾಗಿಸಬಲ್ಲರು. ಮುಯ್ಯಿಗೆ ಮುಯ್ಯಿ ಆಳು ಎಂದು ಹೊಲದಲ್ಲಿ ನಡೆಯುವ ಏರ್ಪಾಡು ಸ್ಟಾಫ್ ರೂಮಿನಲ್ಲೂ ನಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ಅದೇ ಸಿಸಿಎನ್‌ಎ ಪರೀಕ್ಷೆಗೆ ಕೃತಕ ಬುದ್ಧಿಮತ್ತೆಯ ವಿಷಯಗಳೂ ಸೇರಿದವು. ಪ್ರಮಾಣಪತ್ರದ ಆಯುಸ್ಸೂ ಮೂರೇ ವರ್ಷ. ಕಲಿತದ್ದನ್ನು ನಿವೃತ್ತಿಯವರೆಗೆ ಕಲಿಸಬಹುದಾದ ವೃತ್ತಿಯಲ್ಲ ಇದು. ಒಬ್ಬರೇ ಓಡಿ ಮುಗಿಸುವ ಓಟವೂ ಅಲ್ಲ.

ಭಾಷೆಯ ವಿಷಯವನ್ನು ಇಲ್ಲಿ ಬಿಡಲಾಗದು. ಪರೀಕ್ಷೆ ಕನ್ನಡದಲ್ಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೆ ಬಂದ ಹುಡುಗ ರೂಟಿಂಗ್ ಟೇಬಲ್ ನೋಡಿ ಪ್ಯಾಕೆಟ್ ಎತ್ತ ಹೋಗುತ್ತದೆಂದು ಥಟ್ಟನೆ ಹೇಳುತ್ತಾನೆ. ಅದೇ ಪ್ರಶ್ನೆ ಇಂಗ್ಲಿಷಿನ ನಾಲ್ಕು ಸಾಲಿನ ವಾಕ್ಯವಾಗಿ ಬಂದು, ಕೊನೆಯಲ್ಲಿ ಇವುಗಳಲ್ಲಿ ಯಾವ ಎರಡು ಸರಿಯಲ್ಲ ಎಂದು ಮುಗಿದರೆ ತಪ್ಪು ಗುರುತು ಹಾಕಿ ಮುಂದೆ ಹೋಗುತ್ತಾನೆ. ಸಿಸ್ಕೋ ಪರೀಕ್ಷೆಯಲ್ಲಿ ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಆತನಿಗೆ ಕೊರತೆಯಾದದ್ದು ನೆಟ್‌ವರ್ಕಿಂಗ್ ಅಲ್ಲ. ಇಂಗ್ಲಿಷ್ ಅಧ್ಯಾಪಕರು ವಾರಕ್ಕೊಂದು ದಿನ ಬಂದು ಹತ್ತು ಪ್ರಶ್ನೆಗಳ ವಾಕ್ಯಗಳನ್ನಷ್ಟೇ ಬಿಡಿಸಿ ತೋರಿಸಿದರೆ, ಎಲ್ಲಿ ನಿಷೇಧ ಅಡಗಿದೆ, ಎಷ್ಟು ಉತ್ತರ ಕೇಳಿದ್ದಾರೆ ಎಂದು ಗುರುತಿಸಲು ಕಲಿಸಿದರೆ ಅವನ ಫಲಿತಾಂಶವೇ ಬದಲಾಗಬಹುದು. ಪಾಠ ಕನ್ನಡದಲ್ಲಿ, ಪದಗಳು ರೂಟರ್, ಪ್ಯಾಕೆಟ್, ಗೇಟ್‌ವೇ ಎಂದು ಇದ್ದ ಹಾಗೆಯೇ, ಪ್ರಶ್ನೆ ಓದುವುದು ಇಂಗ್ಲಿಷಿನಲ್ಲಿ. ಈ ಬೆರಕೆಯ ಬಗ್ಗೆ ಬೋಧಕರು ಸಂಕೋಚಪಡಬೇಕಾಗಿಲ್ಲ, ತಿಳಿಯುವ ಭಾಷೆಯಲ್ಲಿ ತಿಳಿಸುವುದೇ ಬೋಧಕರ ಕಸುಬು.

ಇದಕ್ಕಿಂತ ಕಷ್ಟದ ಮಾತೊಂದಿದೆ. ಡಂಪ್ ಎಂಬ ಪದ ಈ ಕೋರ್ಸುಗಳ ಲೋಕದಲ್ಲಿ ಎಲ್ಲರಿಗೂ ಗೊತ್ತು. ಪರೀಕ್ಷೆ ಬರೆದವರಿಂದ ಕದ್ದು ಸೇರಿಸಿದ ಪ್ರಶ್ನೋತ್ತರಗಳ ಕಟ್ಟು. ಅದನ್ನು ಬಾಯಿಪಾಠ ಮಾಡಿ ಪಾಸಾದವರು ತುಂಬಿಕೊಂಡಾಗ 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಪ್ರಮಾಣಪತ್ರದವರಿಗೆ ಪೇಪರ್ ಎಂಸಿಎಸ್‌ಇ ಎಂಬ ಅಡ್ಡಹೆಸರೇ ಬಿತ್ತು. ಕಷ್ಟಪಟ್ಟು ಕಲಿತವರ ಕಾಗದವೂ ಅದರಿಂದ ಅಗ್ಗವಾಯಿತು. ಫಲಿತಾಂಶದ ಶೇಕಡಾವಾರು ಕೇಳುವ ಆಡಳಿತ ಮಂಡಳಿ, ಶುಲ್ಕ ಕಟ್ಟಲು ಸಾಲ ಮಾಡಿದ ಪೋಷಕರು, ಹತ್ತಿರ ಬಂದ ಪರೀಕ್ಷೆ, ಇವುಗಳ ನಡುವೆ ಒಬ್ಬಂಟಿ ಬೋಧಕ ಮಣಿಯುವುದು ಸುಲಭ. ಅದೇ ಕಟ್ಟಡದಲ್ಲಿ ಇನ್ನಿಬ್ಬರು ಬೋಧಕರು ಡಂಪ್ ಕೊಡುವುದಿಲ್ಲವೆಂದು ನಿಂತಿದ್ದರೆ ಮೂರನೆಯವರಿಗೂ ನಿಲ್ಲುವ ಧೈರ್ಯ ಬರುತ್ತದೆ. ಸಹೋದ್ಯೋಗಿಗೆ ಕೊಡಬಹುದಾದ ಬೆಂಬಲದಲ್ಲಿ ಇದೂ ಒಂದು, ಬಹುಶಃ ಹೆಚ್ಚು ಬೆಲೆ ತೆರಬೇಕಾದದ್ದು.

ಬಾಯಿಪಾಠದಿಂದ ದಾಟಲಾಗದ ಪರೀಕ್ಷೆಗಳೂ ಇವೆ. ರೆಡ್ ಹ್ಯಾಟ್‌ನದರಲ್ಲಿ ಆಯ್ಕೆಯ ಉತ್ತರಗಳಿಲ್ಲ. ಅಭ್ಯರ್ಥಿಯ ಮುಂದೆ ಯಂತ್ರವಿಟ್ಟು ಇಂತಿಂಥ ಕೆಲಸ ಮಾಡು ಎನ್ನುತ್ತಾರೆ, ಇಂಟರ್ನೆಟ್ ಇಲ್ಲ. ಮಾಡಿದ್ದೆಲ್ಲ ಯಂತ್ರ ಆರಿಸಿ ಮತ್ತೆ ಹೊತ್ತಿಸಿದ ಮೇಲೂ ಉಳಿದಿರಬೇಕು. ಸಿಸ್ಕೋ ಉಪಕರಣದಲ್ಲೂ ಇದೇ ಸೂಕ್ಷ್ಮವಿದೆ. ಕೊಟ್ಟ ಆಜ್ಞೆಗಳು ಸದ್ಯದ ನೆನಪಿನಲ್ಲಷ್ಟೇ ಇರುತ್ತವೆ, ಉಳಿಸು ಎಂದು ಬೇರೆಯೇ ಆಜ್ಞೆ ಕೊಡದಿದ್ದರೆ ಕರೆಂಟ್ ಹೋದ ಕ್ಷಣ ಎಲ್ಲ ಮಾಯ. ಹೊಸ ಬೋಧಕರು ಇದನ್ನು ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಯುತ್ತಾರೆ, ಮೂರು ಸಲ ಹೇಳುತ್ತಾರೆ, ಆದರೂ ವಿದ್ಯಾರ್ಥಿಗಳು ಮರೆಯುತ್ತಾರೆ.

ಅನುಭವಿಗಳು ಹೇಳಿಕೊಡುವ ಉಪಾಯ ಬೇರೆ. ಪ್ರತಿಯೊಬ್ಬರೂ ತಮ್ಮ ಸ್ವಿಚ್‌ಗೆ ತಮ್ಮ ಊರಿನ ಹೆಸರಿಡಲಿ. ಸಿರಾ, ಅಥಣಿ, ಸುಳ್ಯ, ಕಂಪ್ಲಿ ಎಂದು ಪರದೆಗಳ ಮೇಲೆ ಊರುಗಳು ಮೂಡಲಿ. ಒಂದು ಗಂಟೆ ಕೆಲಸ ಸಾಗಲಿ. ಆಮೇಲೆ ಬೋಧಕರು ಏನೂ ಹೇಳದೆ ಗೋಡೆಯ ಬಳಿ ಹೋಗಿ ಕರೆಂಟಿನ ಮುಖ್ಯ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಲಿ. ಉಪಕರಣಗಳ ಫ್ಯಾನುಗಳು ಒಂದೊಂದಾಗಿ ಮೊರೆಯತೊಡಗುತ್ತವೆ, ಕಿತ್ತಳೆ ದೀಪಗಳು ಹತ್ತುತ್ತವೆ. ಕೆಲವು ಪರದೆಗಳಲ್ಲಿ ಅಥಣಿ, ಸುಳ್ಯ ಮರಳಿ ಬರುತ್ತವೆ. ಉಳಿದವುಗಳಲ್ಲಿ ಊರಿಲ್ಲ, ಕಾರ್ಖಾನೆಯಿಂದ ಬಂದಾಗ ಇದ್ದ ಹಾಗೆ ಬರೀ ‘ಸ್ವಿಚ್’ ಎಂದಷ್ಟೇ ಇರುತ್ತದೆ. ಆ ಪರದೆಯ ಮುಂದಿನ ಹುಡುಗಿ ಅಥಣಿಯವನ ಕಡೆ ತಿರುಗಿ, ಕೊನೆಗೆ ಯಾವ ಆಜ್ಞೆ ಕೊಟ್ಟೆ ಎಂದು ಕೇಳುತ್ತಾಳೆ.